ನೂಕು ಸಣ್ಣದು, ಓಟ ದೊಡ್ಡದು

ಅಂಗೈ ಮೇಲಿಟ್ಟ ಒಂದೆರಡು ಹಾಳೆಯಷ್ಟೇ ಒತ್ತುವ, ಬಾಹ್ಯಾಕಾಶ ನೌಕೆಗಳ ಪ್ಲಾಸ್ಮಾ ಥ್ರಸ್ಟರ್‌ಗಳಿಂದ ಏನಾದೀತು, ಅವೂ ಬೇಗ ಸವೆಯುತ್ತವೆ ಎಂದು ಆ ಬಗ್ಗೆ ಬಂದ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಹೋಲಿಕೆ ಸರಿ, ತೀರ್ಮಾನ ಪೂರ್ತಿ ತಪ್ಪು.

ನಾಸಾದ ಡಾನ್ ನೌಕೆಯಲ್ಲಿದ್ದ ಇಂಥದೇ ಅಯಾನ್ ಎಂಜಿನ್ನಿನ ಗರಿಷ್ಠ ನೂಕು ಸುಮಾರು 90 ಮಿಲಿನ್ಯೂಟನ್. ಗಂಟೆಗೆ ನೂರು ಕಿ.ಮೀ. ವೇಗ ಕೂಡಿಸಿಕೊಳ್ಳಲು ನೌಕೆಗೆ ನಾಲ್ಕು ದಿನ ಬೇಕಿತ್ತು, ನಿಜ. ಆದರೆ ಎಂಜಿನ್ ವರ್ಷಗಟ್ಟಲೆ ನೂಕುತ್ತಲೇ ಇತ್ತು. 2011ರಲ್ಲಿ ವೆಸ್ಟಾ, 2015ರಲ್ಲಿ ಸೀರಿಸ್ ತಲುಪಿ, ಡಾನ್ ಭೂಮಿಯಾಚೆ ಎರಡು ಕಾಯಗಳ ಕಕ್ಷೆ ಹಿಡಿದ ಮೊದಲ ನೌಕೆಯಾಯಿತು. ರಾಸಾಯನಿಕ ಎಂಜಿನ್ನಿಗೆ ಅಷ್ಟು ಇಂಧನ ಹೊರಿಸಿ ಕಳಿಸುವುದು ಸಾಧ್ಯವೇ ಇರಲಿಲ್ಲ.

ಸವೆತ ಸುಳ್ಳಲ್ಲ. ಹೊರಬೀಳುವ ದಾರಿಯಲ್ಲೇ ವಿದ್ಯುದಂಶ ಪಡೆದ ಕೆಲವು ಜೆನಾನ್ ಇಂಧನದ ಪರಮಾಣುಗಳು ಹಿಂದಿರುಗಿ ಎಂಜಿನ್ನಿನ ಬಾಯಲ್ಲಿರುವ ಮಾಲಿಬ್ಡಿನಮ್ ಜಾಲರಿಗೆ ಬಡಿಯುತ್ತವೆ. ತೂತು ತೂತುಗಳ ನಡುವೆ ಹಳ್ಳ ಕೊರೆಯುತ್ತವೆ. ಆದರೂ 8,000 ಗಂಟೆಗೆಂದು ರೂಪಿಸಿದ್ದ, ನಾಸಾದ ಡೀಪ್ ಸ್ಪೇಸ್ 1 ನೌಕೆಯ ಬಿಡಿ ಎಂಜಿನ್ ಪರೀಕ್ಷಾ ಕೋಣೆಯಲ್ಲಿ 30,352 ಗಂಟೆ ನಡೆಯಿತು. 2003ರಲ್ಲಿ ಅದನ್ನು ನಿಲ್ಲಿಸಿದ್ದು ಕೆಟ್ಟಿತೆಂದಲ್ಲ, ಬಿಚ್ಚಿ ನೋಡಬೇಕೆಂದು!

ನಮ್ಮ ಇಸ್ರೋದ 300 ಮಿಲಿನ್ಯೂಟನ್ ಪ್ಲಾಸ್ಮಾ ಥ್ರಸ್ಟರ್ 2025ರಲ್ಲಿ 1,000 ಗಂಟೆಯ ಪರೀಕ್ಷೆ ಮುಗಿಸಿದೆ. ಇದು ಆರಂಭ ಮಾತ್ರ. ಲೇಖಕರು ‘ಇದು ಬೇಡ’ ಎನ್ನುವ ಬದಲು ‘ಇನ್ನಷ್ಟು ಗಂಟೆ ಓಡಿಸಿ ತೋರಿಸಿ’ ಎಂದು ಕೇಳಿದ್ದರೆ ನಾನೂ ದನಿಗೂಡಿಸುತ್ತಿದ್ದೆ.