ಫೋನಿನಲ್ಲಿ ನಾಡಿ ಹಿಡಿಯಬಹುದೆ? ಎಚ್‌ಐವಿ ಚಿಕಿತ್ಸೆಯಲ್ಲಿ ಟೆಲಿಮೆಡಿಸಿನ್: ಪರ-ವಿರೋಧ

ಪ್ರತಿದಿನವೂ ತಪ್ಪದೆ ಗುಳಿಗೆ ನುಂಗುತ್ತ, ರಕ್ತದಲ್ಲಿರುವ ಎಚ್‌ಐವಿ ವೈರಸ್ಸನ್ನು ತಲೆಯೆತ್ತದಂತೆ ಅಡಗಿಸಿಕೊಂಡು, ಮಿಕ್ಕವರಂತೆಯೇ ದುಡಿದು ಉಣ್ಣುತ್ತಿರುವ ಮನುಷ್ಯನು ವೈದ್ಯನನ್ನು ಕಾಣಲು ಎಆರ್‌ಟಿ ಕೇಂದ್ರಕ್ಕೆ ಬರಲೇಬೇಕೆ, ಫೋನಿನಲ್ಲಿ ಮಾತನಾಡಿದರೆ ಸಾಲದೆ ಎಂಬ ಪ್ರಶ್ನೆಯಲ್ಲಿ ವೈದ್ಯರು ಎರಡು ಪಕ್ಷವಾಗಿದ್ದಾರೆ. ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಅಂದಿನ ಮದರಾಸಿನಲ್ಲಿ. ಸರ್ಕಾರವು ಉಚಿತ ಔಷಧಿಯನ್ನು ಕೊಡಲಾರಂಭಿಸಿದುದು 2004ರ ಏಪ್ರಿಲಿನಲ್ಲಿ. ಟೆಲಿಮೆಡಿಸಿನ್ನಿಗೆ ವಿಧಿವತ್ತಾದ ಮಾರ್ಗಸೂಚಿ ದೊರೆತುದು 2020ರ ಮಾರ್ಚ್ 25ರಂದು, ಅಂದರೆ ದೇಶವೆಲ್ಲವೂ ಬಾಗಿಲಿಕ್ಕಿಕೊಂಡ ದಿನವೇ. ಆಪತ್ಕಾಲದಲ್ಲಿ ಒಪ್ಪಿಕೊಂಡ ಈ ಪದ್ಧತಿ ಸುಕಾಲಕ್ಕೂ ಸಲ್ಲುವುದೇ ಎಂಬುದೇ ಇಲ್ಲಿಯ ವಿವಾದ.

ಪರ

ಟೆಲಿಮೆಡಿಸಿನ್ನಿನ ಪರವಾಗಿರುವ ವೈದ್ಯರು ಮೊಟ್ಟಮೊದಲು ಬೆರಳಿಟ್ಟು ತೋರಿಸುವುದು ರೋಗಿ ಸವೆಸುವ ದಾರಿಯನ್ನು. ಉತ್ತರ ಕರ್ನಾಟಕದ ಹಳ್ಳಿಯ ಕೂಲಿಕಾರನೊಬ್ಬನು, ತನ್ನೂರಿಗೆ ಹತ್ತಿರದ ಕೇಂದ್ರದಲ್ಲಿ ಪರಿಚಿತರಾರಾದರೂ ಕಂಡುಬಿಟ್ಟಾರೆಂಬ ಭಯದಿಂದ ಪಕ್ಕದ ಜಿಲ್ಲೆಯಲ್ಲಿ ಹೆಸರು ಬರೆಸಿ, ಅಂದಿನ ಕೂಲಿಯನ್ನೂ ಬಸ್ಸಿನ ಹಣವನ್ನೂ ಕಳೆದುಕೊಂಡು, ಬೆಳಗಿನಿಂದ ಸಾಲಿನಲ್ಲಿ ನಿಂತು, ಕಡೆಗೊಮ್ಮೆ ವೈದ್ಯನೆದುರು ಕುಳಿತಾಗ ಕೇಳಿಸಿಕೊಳ್ಳುವುದು ಬಹುಮಟ್ಟಿಗೆ ‘ಗುಳಿಗೆ ತಪ್ಪಿಸಿಲ್ಲ ತಾನೆ?’ ಎಂಬ ಒಂದೇ ಪ್ರಶ್ನೆಯನ್ನು. ಅವನು ಚಿಕಿತ್ಸೆಯನ್ನು ಬಿಡುವುದಾದರೆ ಔಷಧಿಯ ಕಹಿಗೆ ಬೇಸತ್ತಲ್ಲ, ಈ ಅಲೆದಾಟಕ್ಕೆ ಬೇಸತ್ತು ಎಂಬುದು ಇವರ ವಾದ. 2017ರಿಂದ ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ಪತ್ತೆಯಾದವರೆಲ್ಲರಿಗೂ ಚಿಕಿತ್ಸೆ ಆರಂಭವಾಗುತ್ತಿದೆ. ಡೊಲುಟೆಗ್ರಾವಿರ್ ಸೇರಿದ ಇಂದಿನ ಮಿಶ್ರಣವು ದಿನಕ್ಕೊಂದು ಗುಳಿಗೆಯಲ್ಲಿ ಅಡಕವಾಗಿದೆ. ಆದುದರಿಂದ ಕೇಂದ್ರದ ಸಾಲಿನಲ್ಲಿ ಹಾಸಿಗೆ ಹಿಡಿದವರಿಗಿಂತ ಗಟ್ಟಿಮುಟ್ಟಾದವರೇ ಹೆಚ್ಚು. ಇವರನ್ನು ಫೋನಿನಲ್ಲಿ ವಿಚಾರಿಸಿ ಹಲವು ತಿಂಗಳ ಔಷಧಿಯನ್ನು ಒಮ್ಮೆಗೇ ಕೊಟ್ಟರೆ, ನಿಜವಾಗಿ ನರಳುತ್ತಿರುವವನಿಗೆ ವೈದ್ಯನ ಸಮಯ ಉಳಿಯುತ್ತದೆ.

ಪುರಾವೆಯೂ ಇವರ ಕೈಯಲ್ಲಿದೆ. ಕೀನ್ಯಾದಲ್ಲಿ ವಾರಕ್ಕೊಮ್ಮೆ ರೋಗಿಯ ಮೊಬೈಲಿಗೆ ಕುಶಲ ಕೇಳುವ ಸಂದೇಶವನ್ನು ಕಳುಹಿಸಿ, ಉತ್ತರ ಬಾರದಿದ್ದರೆ ಅಥವಾ ತೊಂದರೆಯೆಂದು ಉತ್ತರ ಬಂದರೆ ಚಿಕಿತ್ಸಾಲಯದವರೇ ಕರೆಮಾಡಿ ವಿಚಾರಿಸುವ ಪ್ರಯೋಗವೊಂದು ನಡೆಯಿತು. ಆ ಗುಂಪಿನಲ್ಲಿ ಔಷಧಿಸೇವನೆಯ ನಿಷ್ಠೆಯೂ ವೈರಸ್ಸಿನ ದಮನವೂ ಹೆಚ್ಚಿದುವೆಂದು 2010ರ ವರದಿ ಹೇಳಿತು.

ವಿರೋಧ

ಎದುರು ಪಕ್ಷದವರು ಆ ವರದಿಯ ಬಳಿಯಲ್ಲಿಯೇ ಇನ್ನೊಂದನ್ನು ತಂದಿಡುತ್ತಾರೆ. ದಕ್ಷಿಣ ಭಾರತದಲ್ಲಿಯೇ 631 ಮಂದಿ ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರವಾರವೂ ಯಂತ್ರದ ಧ್ವನಿಕರೆಯೂ ಚಿತ್ರಸಂದೇಶವೂ ಮೊಬೈಲಿಗೆ ಹೋದುವು. ಸುಮಾರು ಎರಡು ವರ್ಷಗಳ ಬಳಿಕ ನೋಡಿದರೆ, ಕರೆ ಪಡೆದವರಿಗೂ ಪಡೆಯದವರಿಗೂ ಚಿಕಿತ್ಸೆಯ ಫಲದಲ್ಲಿ ಗಣನೀಯವಾದ ಅಂತರವೇ ಕಾಣಲಿಲ್ಲ. ಕೀನ್ಯಾದ ಫಲವನ್ನು ನಂಬಿ ಇಲ್ಲಿ ಕಟ್ಟಡವೆಬ್ಬಿಸಬೇಡಿರೆಂದು ಇವರು ಎಚ್ಚರಿಸುತ್ತಾರೆ.

ಆದರೆ ಇವರ ಮುಖ್ಯ ವಾದ ಇರುವುದು ದೇಹದ ಮೇಲೆ. ಎಚ್‌ಐವಿ ಸೋಂಕಿತರನ್ನು ಅತ್ಯಧಿಕವಾಗಿ ಬಲಿ ತೆಗೆದುಕೊಳ್ಳುವುದು ಕ್ಷಯ. ಕೆಮ್ಮಿದೆಯೇ ಎಂದು ಫೋನಿನಲ್ಲಿ ಕೇಳಬಹುದು. ‘ಆರಾಮ ಅದೀನ್ರಿ’ ಎಂಬ ಉತ್ತರವನ್ನೂ ಪಡೆಯಬಹುದು. ಹಾಗೆಂದವನ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕುವುದು, ನಾಲಗೆಯ ಮೇಲಿನ ಬಿಳಿಯ ಪೊರೆ ಕಣ್ಣಿಗೆ ಬೀಳುವುದು, ಮೂರು ಕಿಲೋ ತೂಕ ಇಳಿದಿರುವುದು ತಕ್ಕಡಿಯಲ್ಲಿ ತೋರುವುದು ಎದುರಿಗೆ ಬಂದಾಗ ಮಾತ್ರ. ವೈರಲ್ ಲೋಡ್ ಪರೀಕ್ಷೆಗೆ ರಕ್ತವನ್ನಂತೂ ಯಾವ ಫೋನೂ ತೆಗೆಯಲಾರದು.

ಇನ್ನು ಗೌಪ್ಯ. ಮನೆಗೊಂದೇ ಫೋನಿರುವಲ್ಲಿ, ಸೊಸೆಗೆ ಬಂದ ಕರೆಯನ್ನು ಅತ್ತೆ ಎತ್ತುವಲ್ಲಿ, ವೈದ್ಯನಾಡುವ ಒಂದು ಮಾತು ಒಂದು ಸಂಸಾರವನ್ನೇ ಒಡೆಯಬಲ್ಲುದು. 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಕಾಯಿದೆಯು ಸೋಂಕಿತನ ಒಪ್ಪಿಗೆಯಿಲ್ಲದೆ ಅವನ ಸ್ಥಿತಿಯನ್ನು ಬಯಲುಮಾಡುವುದನ್ನು ನಿಷೇಧಿಸಿದೆ. ಆದರೆ ಫೋನಿನ ಆ ತುದಿಯಲ್ಲಿ ಪಕ್ಕದಲ್ಲಿ ಕುಳಿತವರಾರೆಂಬುದು ವೈದ್ಯನಿಗೆ ಕಾಣಿಸುವುದೆಂತು? ಮನೆಯಲ್ಲಿ ಬಾಯಿಬಿಡಲಾರದ ಹೆಂಗಸಿಗೆ ಕೇಂದ್ರದ ಆಪ್ತಸಮಾಲೋಚಕಿಯ ಕೋಣೆಯೊಂದೇ ನಿರ್ಭಯದ ಸ್ಥಳ. ಅದನ್ನು ಸೌಲಭ್ಯದ ಹೆಸರಿನಲ್ಲಿ ಕಸಿದುಕೊಳ್ಳುವುದು ಯಾವ ದಯೆ?

ಇತ್ಯರ್ಥ

ಎರಡು ಪ್ರಯೋಗಗಳನ್ನು ಎದುರುಬದುರಾಗಿ ನಿಲ್ಲಿಸಿ ಕಾದಾಡಿಸುವುದು ನನಗೆ ಸರಿಯೆನಿಸದು. ಕೀನ್ಯಾದಲ್ಲಿ ಮೌನವಾದ ರೋಗಿಯನ್ನು ಹುಡುಕಿಕೊಂಡು ಮನುಷ್ಯನ ದನಿಯೇ ಹೋಯಿತು. ಇಲ್ಲಿ ವಾರವಾರವೂ ಕರೆದುದು ಯಂತ್ರ. ಭೇದಕ್ಕೆ ಬೇರೆ ಕಾರಣಗಳೂ ಇರಬಹುದು, ಆದರೆ ಇದನ್ನು ಅಲ್ಪವೆಂದು ತಳ್ಳಿಹಾಕಲಾಗದು. (ಖರ್ಚಿನ ಲೆಕ್ಕ ಹಾಕುವ ಅಧಿಕಾರಿಗಳಿಗೆ ಯಂತ್ರವೇ ಪ್ರಿಯವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.) ವೈದ್ಯ-ವೈದ್ಯರ ನಡುವೆ, ಎಂದರೆ ಜಿಲ್ಲೆಯ ವೈದ್ಯನು ಕ್ಲಿಷ್ಟವಾದ ರೋಗಿಯೊಬ್ಬನ ಕಡತವನ್ನು ದೂರದ ತಜ್ಞರ ಮುಂದಿಟ್ಟು ಎರಡನೆಯ ಹಂತದ ಔಷಧಿಯ ಬಗೆಗೆ ಸಲಹೆ ಕೇಳುವಲ್ಲಿ, ಟೆಲಿಮೆಡಿಸಿನ್ನಿಗೆ ನಾನು ಯಾವ ಆಕ್ಷೇಪವನ್ನೂ ಕಾಣೆ.

ರೋಗಿಯ ವಿಷಯದಲ್ಲಿ ಮಾತ್ರ ನನ್ನ ತೀರ್ಪು ಷರತ್ತಿನದು. ಚಿಕಿತ್ಸೆಯ ಮೊದಲ ವರ್ಷ, ಗರ್ಭಿಣಿಯರು, ಮಕ್ಕಳು, ಕ್ಷಯದ ಸಂಶಯವಿರುವವರು, ವೈರಸ್ಸು ಅಡಗದವರು: ಇವರನ್ನೆಲ್ಲ ಎದುರಿಗೇ ನೋಡತಕ್ಕದ್ದು. ವೈರಸ್ಸು ಅಡಗಿ ವರ್ಷ ಕಳೆದು, ತನ್ನದೇ ಫೋನಿದ್ದು, ತಾನಾಗಿ ಕೇಳಿಕೊಂಡವನಿಗೆ, ರಕ್ತಪರೀಕ್ಷೆಯ ಭೇಟಿಯೊಂದನ್ನು ಉಳಿಸಿಕೊಂಡು ಮಿಕ್ಕ ಭೇಟಿಗಳನ್ನು ಫೋನಿಗೆ ಬಿಡಬಹುದು. ದೂರದಿಂದ ವಿಚಾರಿಸಿದರೆ ಸಾಕೋ, ರೋಗಿಯನ್ನು ಬರಹೇಳಬೇಕೋ ಎಂಬುದನ್ನು 2020ರ ಮಾರ್ಗಸೂಚಿಯೂ ವೈದ್ಯನ ವಿವೇಚನೆಗೇ ಬಿಟ್ಟಿದೆ. ಆ ವಿವೇಚನೆಯನ್ನು ಕಚೇರಿಯ ಸುತ್ತೋಲೆಗೆ ಒಪ್ಪಿಸಿಬಿಡಬಾರದೆಂದು ವೈದ್ಯಮಿತ್ರರಲ್ಲಿ ನನ್ನ ವಿನಂತಿ.