ಫಿಲ್ಮನ್ನು ನಾವೇ ಏಕೆ ಸುತ್ತಿಕೊಳ್ಳಬೇಕು?

ಛಾಯಾಗ್ರಹಣದ ಹವ್ಯಾಸವುಳ್ಳ ವಿದ್ಯಾರ್ಥಿಗಳು ನನ್ನ ಬಳಿಗೆ ಬಂದು, "ಫಿಲ್ಮಿನ ಬೆಲೆ ಕೈಗೆಟುಕುವುದಿಲ್ಲ. ಸಿನಿಮಾ ಫಿಲ್ಮಿನ ದೊಡ್ಡ ಸುರುಳಿಯನ್ನು ಕೊಂಡು ನಾವೇ ಡಬ್ಬಿಗಳಿಗೆ ತುಂಬಿಕೊಳ್ಳಬಹುದೇ, ಸಾರ್?" ಎಂದು ಕೇಳುವುದುಂಟು. ತುಂಬಿಕೊಳ್ಳಬಹುದು ಮಾತ್ರವಲ್ಲ, ಒಮ್ಮೆಯಾದರೂ ತುಂಬಿಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ಉಳಿತಾಯವೊಂದೇ ಕಾರಣವಲ್ಲ.

ಚಲಚ್ಚಿತ್ರದ ಫಿಲ್ಮನ್ನು ಸ್ಥಿರಚಿತ್ರಕ್ಕೆ ಬಳಸುವುದು ಅಪಪ್ರಯೋಗವೆಂದು ಯಾರೂ ಶಂಕಿಸಬೇಕಾಗಿಲ್ಲ. ಜರ್ಮನಿಯ ವೆಟ್ಸ್‌ಲಾರ್ ನಗರದ ಲೈಟ್ಸ್ ಕಾರ್ಖಾನೆಯಲ್ಲಿದ್ದ ಆಸ್ಕರ್ ಬಾರ್ನಾಕ್ 1914ರ ಸುಮಾರಿಗೆ ತನ್ನ ಪುಟ್ಟ ಕ್ಯಾಮೆರಾವನ್ನು ರಚಿಸಿದಾಗ ಬಳಸಿದ್ದು 35 ಮಿಲಿಮೀಟರ್ ಅಗಲದ ಸಿನಿಮಾ ಫಿಲ್ಮನ್ನೇ. 18 × 24 ಮಿ.ಮೀ. ಅಳತೆಯ ಎರಡು ಸಿನಿಮಾ ಚೌಕಟ್ಟುಗಳನ್ನು ಒಂದುಗೂಡಿಸಿ ಆತ 24 × 36 ಮಿ.ಮೀ. ಚಿತ್ರವನ್ನು ಪಡೆದನು. ಆ ಕ್ಯಾಮೆರಾ 1925ರಲ್ಲಿ 'ಲೈಕಾ' ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ತುಂಬಿಸಿಯೇ ಮಾರುವ ಡಬ್ಬಿಯನ್ನು ಕೊಡಕ್ ಸಂಸ್ಥೆ ಹೊರತಂದದ್ದು 1934ರಲ್ಲಿ. ಅದಕ್ಕೆ ಮುಂಚೆ ಕತ್ತಲೆಯಲ್ಲಿ ತಾವೇ ಫಿಲ್ಮು ಸುತ್ತಿಕೊಳ್ಳುವುದು ಸಾಮಾನ್ಯ ವಾಡಿಕೆಯಾಗಿತ್ತು.

ಈಗ ಲೆಕ್ಕವನ್ನು ನೋಡೋಣ. ಒಂದು ಚಿತ್ರಕ್ಕೆ 36 ಮಿ.ಮೀ., ನಡುವಣ ಅಂತರಕ್ಕೆ 2 ಮಿ.ಮೀ., ಒಟ್ಟು 38 ಮಿ.ಮೀ. ಹೀಗೆ 36 ಚಿತ್ರಗಳಿಗೆ 1,368 ಮಿ.ಮೀ. ಆಯಿತು, ಆದಿ ಅಂತ್ಯಗಳ ಭಾಗವನ್ನೂ ಸೇರಿಸಿದರೆ ಸುಮಾರು 1.6 ಮೀಟರು. 100 ಅಡಿಯ ಸುರುಳಿಯೆಂದರೆ 30.5 ಮೀಟರು, ಅದರಿಂದ 19 ಡಬ್ಬಿಗಳು ತುಂಬುತ್ತವೆ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವ ಸಿನಿಮಾ ಕ್ಯಾಮೆರಾ ಇದೇ 100 ಅಡಿಯನ್ನು 67 ಸೆಕೆಂಡುಗಳಲ್ಲಿ ನುಂಗಿಬಿಡುತ್ತದೆ. ನಮಗೋ ಅದರಿಂದ 684 ಚಿತ್ರಗಳು ದೊರೆಯುತ್ತವೆ.

ತುಂಬುವ ಉಪಕರಣ ಬೆಳಕು ನುಸುಳದ ಒಂದು ಪೆಟ್ಟಿಗೆ. ದೊಡ್ಡ ಸುರುಳಿಯನ್ನು ಅದರೊಳಗೆ ಇಡುವಾಗ ಪೂರ್ಣ ಕತ್ತಲೆ ಬೇಕು. ಈ ಫಿಲ್ಮು ಎಲ್ಲ ಬಣ್ಣಗಳಿಗೂ ಸಂವೇದನಶೀಲವಾದುದರಿಂದ ಕೆಂಪು ದೀಪವೂ ಸಲ್ಲದು. ಬಳಿಕ ಹೊರಚಾಚಿದ ತುದಿಯನ್ನು ಡಬ್ಬಿಯ ಕದಿರಿಗೆ ಅಂಟಿಸಿ, ಮುಚ್ಚಳ ಹಾಕಿ, ಹಿಡಿಯನ್ನು ಎಣಿಸಿ ತಿರುಗಿಸಿದರಾಯಿತು.

ಕೆಲಸ ಸುಲಭವೆಂದೇ ನಾನು ಒಮ್ಮೆ ಮೋಸಹೋದೆ. ನಮ್ಮ ಪ್ರಯೋಗಶಾಲೆಯ ಹಿರಿಯ ಅಟೆಂಡರು ನಿವೃತ್ತರಾದ ದಿನ, ಎಲ್ಲರ ಚಿತ್ರಗಳನ್ನೂ ತೆಗೆದು, ಕಟ್ಟಕಡೆಗೆ ಅವರನ್ನು ಅವರ ಮೇಜಿನ ಬಳಿ ನಿಲ್ಲಿಸಿ ಒಂದು ಚಿತ್ರ ತೆಗೆದೆ. ಫಿಲ್ಮನ್ನು ಸಂಸ್ಕರಿಸಿ ನೋಡಿದರೆ ಆ ತುದಿಯೆಲ್ಲ ಇದ್ದಿಲಿನಂತೆ ಕಪ್ಪು! ಕದಿರಿಗೆ ಅಂಟಿಸುವಾಗ ಆ ಭಾಗ ಬೆಳಕು ಕಂಡಿತ್ತು. ಸುತ್ತುವಾಗ ಮೊದಲನೆಯದು ಕ್ಯಾಮೆರಾದಲ್ಲಿ ಕಡೆಯದಾಗುತ್ತದೆಂಬ ಸರಳ ಸತ್ಯವನ್ನು ಭೌತವಿಜ್ಞಾನದ ಅಧ್ಯಾಪಕನಾದ ನಾನು ಯೋಚಿಸಿರಲಿಲ್ಲ. "ಪಟ ಬಂತೇ ಸಾರ್?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಕಡೆಯ ಎರಡು ಚಿತ್ರಗಳ ಜಾಗವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನೊಂದು ಎಚ್ಚರಿಕೆ. ಹಲವು ದಶಕಗಳ ಕಾಲ ಬಣ್ಣದ ಸಿನಿಮಾ ನೆಗೆಟಿವ್‌ಗಳ ಬೆನ್ನಿಗೆ ಕಾಡಿಗೆಯಂಥ ಇಂಗಾಲದ ಲೇಪವಿರುತ್ತಿತ್ತು. ಫಿಲ್ಮನ್ನು ಹಾದುಹೋದ ಬೆಳಕು ಹಿಂದಿನಿಂದ ಪ್ರತಿಫಲಿಸಿ ಚಿತ್ರದಲ್ಲಿ ಪ್ರಭೆಯುಂಟುಮಾಡದಂತೆ ಅದು ತಡೆಯುತ್ತಿತ್ತು. ವೇಗವಾಗಿ ಓಡುವ ಫಿಲ್ಮಿನಲ್ಲಿ ಸ್ಥಿರವಿದ್ಯುತ್ತು ಸಂಗ್ರಹವಾಗದಂತೆಯೂ ನೋಡಿಕೊಳ್ಳುತ್ತಿತ್ತು. ಅಂಥ ಫಿಲ್ಮನ್ನು ತಿಳಿಸದೆ ಸ್ಟುಡಿಯೋಕ್ಕೆ ಕೊಟ್ಟರೆ ಅವರ ದ್ರಾವಣಗಳೆಲ್ಲ ಕೆಡುತ್ತವೆ. ನಮ್ಮ ಅಜ್ಞಾನದ ದಂಡವನ್ನು ಪರರು ತೆರಬೇಕಾಗುತ್ತದೆ. ಆದ್ದರಿಂದ ಕಲಿಯುವವರು ಕಪ್ಪುಬಿಳುಪಿನಿಂದಲೇ ಆರಂಭಿಸುವುದು ಲೇಸು. 1959ರಲ್ಲಿ ಬಂದ ಈಸ್ಟ್‌ಮನ್ ಡಬಲ್-ಎಕ್ಸ್ ಫಿಲ್ಮಿಗೆ ಈ ಲೇಪವಿಲ್ಲ. ಸಾಮಾನ್ಯ ಡೆವಲಪರಿನಲ್ಲೇ ಅದನ್ನು ಸಂಸ್ಕರಿಸಬಹುದು.

ಮೊಬೈಲು ಕೈಯಲ್ಲಿರುವಾಗ ಈ ಶ್ರಮವೇಕೆಂದು ಕೆಲವರು ಕೇಳಿಯಾರು. ಚಿತ್ರ ಬೇಕಾಗಿದ್ದರೆ ಮೊಬೈಲು ಧಾರಾಳವಾಗಿ ಸಾಕು. ಆದರೆ ಬೆಳಕು ಎಂಥ ಸೂಕ್ಷ್ಮ ವಸ್ತು, ಅದರ ಮುಂದೆ ನಮ್ಮ ಅಜಾಗರೂಕತೆ ಹೇಗೆ ಅಚ್ಚಳಿಯದೆ ದಾಖಲಾಗುತ್ತದೆ ಎಂಬುದನ್ನು ಮೊಬೈಲು ಕಲಿಸದು. ಪ್ರತಿಯೊಂದು ಕಾಲೇಜಿನ ವಿಜ್ಞಾನ ಸಂಘವೂ ಇಂಥ ಒಂದು ಪೆಟ್ಟಿಗೆಯನ್ನೂ ಒಂದು ಸುರುಳಿಯನ್ನೂ ಕೊಳ್ಳಲಿ. ಹತ್ತೊಂಬತ್ತು ವಿದ್ಯಾರ್ಥಿಗಳು ತಲಾ ಒಂದೊಂದು ಡಬ್ಬಿಯನ್ನು ತಾವೇ ಸುತ್ತಲಿ. ಕೆಲವು ಕೆಟ್ಟೇ ಕೆಡುತ್ತವೆ. ಏಕೆ ಕೆಟ್ಟಿತೆಂದು ಕಂಡುಕೊಂಡವನಿಗೆ ಆ ಫಿಲ್ಮಿನ ಬೆಲೆ ಸಂದಂತೆಯೇ.