ತುಂಬಿದ ಮನೆಗೆ ಮೂಟೆ ಮದ್ದಲ್ಲ

ಮನೆ ತುಂಬಿ ತುಳುಕ್ತಿದೆ ಅನಿಸಿದ ತಕ್ಷಣ ನಾವು ಮಾಡೋ ಮೊದಲ ಕೆಲಸ ಏನು? ಸಾಮಾನು ಜೋಡಿಸಿಡೋಕೆ ಅಂತ ಇನ್ನೂ ಹತ್ತು ಪ್ಲಾಸ್ಟಿಕ್ ಡಬ್ಬಿ ಆರ್ಡರ್ ಮಾಡೋದು! ಎರಡನೇದು, ಭಾನುವಾರ ನಾಲ್ಕು ಮೂಟೆ ಕಟ್ಟಿ ಹೊರಗಿಟ್ಟು ಕೈ ತೊಳ್ಕೊಳ್ಳೋದು. ಮನೆ ಖಾಲಿ, ಮನಸ್ಸು ಹಗುರ. ಸರಿ, ಆ ಮೂಟೆ ಹೋಗಿದ್ದೆಲ್ಲಿಗೆ?

ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಯ್ತು. ನೀರು ಕೆಟ್ಟಿತು, ನಾತ ತಡೆಯೋಕಾಗಲ್ಲ ಅಂತ ಊರವರು ಬೀದಿಗಿಳಿದ ಮೇಲೇ 2012ರಲ್ಲಿ ಒಂದು ಕಡೆ, 2014ರಲ್ಲಿ ಇನ್ನೊಂದು ಕಡೆ ಲಾರಿಗಳು ನಿಂತಿದ್ದು. ನಮ್ಮ 'ಡಿಕ್ಲಟರ್' ಅವರ ಪಾಲಿಗೆ ಗುಡ್ಡ.

ಖುಷಿ ಕೊಡದ್ದನ್ನ ಬಿಟ್ಟುಬಿಡಿ ಅಂತ ಮೇರಿ ಕೊಂಡೊ ಹೇಳಿದ್ದನ್ನ ಮಂತ್ರ ಮಾಡ್ಕೊಂಡ್ವಿ. ಕುಕ್ಕರ್ ಯಾಕ್ರೀ ಖುಷಿ ಕೊಡಬೇಕು? ಅನ್ನ ಬೇಯಿಸಿದ್ರೆ ಸಾಲದಾ? ಮೂರು ಮಕ್ಕಳಾದ ಮೇಲೆ ತಮ್ಮ ಮನೆಯೂ ಮೊದಲಿನಷ್ಟು ಓರಣವಾಗಿಲ್ಲ ಅಂತ 2023ರಲ್ಲಿ ಆಕೆಯೇ ಹೇಳಿದ್ರು. ಮಕ್ಕಳಿರೋ ಮನೆ ಇರೋದೇ ಹಾಗೆ.

ಹಳ್ಳಿ ಮನೆಗಳಲ್ಲಿ ಹಳೇ ಸೀರೆ ಕೌದಿ ಆಗ್ತಿತ್ತು, ಕೌದಿ ಹರಿದ್ರೆ ಕಾಲೊರೆಸೋ ಬಟ್ಟೆ. ಅದಕ್ಕೆ ಬಡತನವೂ ಕಾರಣ, ಹಾಡಿ ಹೊಗಳಬೇಕಿಲ್ಲ. ಆದ್ರೆ ಒಳಗೆ ಬಂದ ವಸ್ತು ಕೊನೆಗೆ ಏನಾಗುತ್ತೆ ಅನ್ನೋದು ಮನೆಯವರಿಗೆ ಗೊತ್ತಿತ್ತು. ನಮಗೆ ಗೊತ್ತಿರೋದು ಡೆಲಿವರಿ ಯಾವತ್ತು ಅನ್ನೋದಷ್ಟೇ.

ಹಾಗಾಗಿ ಬೀರು ತೆಗೆಯೋ ಮೊದಲು ಫೋನಲ್ಲಿರೋ ಕಾರ್ಟ್ ಖಾಲಿ ಮಾಡಿ. ಬೇಕು ಅನಿಸಿದ್ದನ್ನ ಒಂದು ತಿಂಗಳು ತಡೀರಿ. ಕೆಟ್ಟ ಮಿಕ್ಸಿನ ರಿಪೇರಿಗೆ ಕೊಡಿ. ಮಗುವಿಗೆ ಚಿಕ್ಕದಾದ ಅಂಗಿ ನೆಂಟರ ಮಗುವಿಗೆ ಹೋಗಲಿ, ನಾಚಿಕೆ ಬೇಡ. ಡಿಲೀಟ್ ಒತ್ತಿದ್ರೆ ಫೈಲ್ ಕಣ್ಮರೆ ಆಗುತ್ತೆ. ಮಿಕ್ಸಿ ಆಗಲ್ಲ, ಅದು ಯಾರದೋ ಹೊಲದ ಪಕ್ಕ ಬಿದ್ದಿರುತ್ತೆ.